‘ವಾದೆಮೆಕೊಮ್’: ಹೋಗು ಎಂದೋ, ಬಾ ಎಂದೋ?

ಪ್ರಶ್ನೆ: ಫ್ರೆಂಚಿನ ಆಡಳಿತ ಮತ್ತು ಶಿಕ್ಷಣದ ಬರಹಗಳನ್ನು ಕನ್ನಡಕ್ಕೆ ತರುವಾಗ ‘ವಾದೆಮೆಕೊಮ್’ (ಸದಾ ಜೊತೆಗಿಟ್ಟುಕೊಂಡು ನೋಡುವ ಕಿರುಪುಸ್ತಕ) ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಅದರ ಲ್ಯಾಟಿನ್ ಮೂಲಕ್ಕೆ ಒಂದು ನಿಘಂಟು ‘ನನ್ನೊಡನೆ ಹೋಗು’ ಎಂದೂ ಇನ್ನೊಂದು ‘ನನ್ನೊಡನೆ ಬಾ’ ಎಂದೂ ಅರ್ಥ ಕೊಡುತ್ತವೆ. ಯಾವುದು ಸರಿ? ಇದಕ್ಕೆ ಅಚ್ಚ ಫ್ರೆಂಚ್ ಪದವಿಲ್ಲವೆ? ಕನ್ನಡದಲ್ಲಿ ‘ಕೈಪಿಡಿ’ ಎಂದರೆ ಸಾಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡು ನಿಘಂಟುಗಳೂ ತಪ್ಪಿಲ್ಲ. ಲ್ಯಾಟಿನ್‌ನ ‘ವಾದೆ ಮೇಕುಮ್’ನಲ್ಲಿ ‘ವಾದೆ’ ಎಂಬುದು ‘ವಾದೆರೆ’ ಧಾತುವಿನ ಆಜ್ಞಾರ್ಥ ರೂಪ. ಹೆಜ್ಜೆ ಹಾಕಿ ಮುಂದೆ ಸಾಗುವುದು ಅದರ ಅರ್ಥ. ಪುಸ್ತಕದ ಒಡೆಯ ಹೊರಡುವಾಗ ಪುಸ್ತಕಕ್ಕೆ ಹೇಳುವ ಮಾತಿದು ಎಂದುಕೊಂಡರೆ, ಚಲನೆಯನ್ನು ಮುಖ್ಯವಾಗಿ ಕಂಡ ನಿಘಂಟುಕಾರ ‘ಹೋಗು’ ಎನ್ನುತ್ತಾನೆ, ಜೊತೆಯನ್ನು ಮುಖ್ಯವಾಗಿ ಕಂಡವನು ‘ಬಾ’ ಎನ್ನುತ್ತಾನೆ. ಫ್ರೆಂಚಿನಲ್ಲಿ ‘ವಾ ಅವೆಕ್ ಮುವಾ’, ‘ವಿಯೆಂ ಅವೆಕ್ ಮುವಾ’ ಎಂಬ ಎರಡು ವಿವರಣೆಗಳು ಹುಟ್ಟಿದ್ದು ಹೀಗೆ. ಮೊದಲನೆಯದರ ‘ವಾ’ ಲ್ಯಾಟಿನ್ ‘ವಾದೆ’ಯಿಂದಲೇ ಇಳಿದು ಬಂದ ರೂಪವಾದ್ದರಿಂದ ಅದು ಮೂಲಕ್ಕೆ ಹತ್ತಿರ, ಆದರೆ ಮಾತಿನ ಬಳಕೆಯಲ್ಲಿ ಎರಡನೆಯದೇ ಸಹಜ. ಕನ್ನಡಕ್ಕೆ ಈ ಇಕ್ಕಟ್ಟೇ ಇಲ್ಲ. ‘ನಡಿ ನನ್ನ ಜೊತೆ’ ಎಂದಾಗ ಹೋಗುವುದೂ ಬರುವುದೂ ಒಂದೇ ಪದದಲ್ಲಿ ಮುಗಿಯುತ್ತವೆ.

‘ನನ್ನೊಡನೆ’ ಎಂಬರ್ಥದ ‘ಮೇಕುಮ್’ ಕೂಡ ನಮಗೆ ಪರಿಚಿತ ರಚನೆಯೇ. ‘ಜೊತೆಗೆ’ ಎಂಬ ಅರ್ಥದ ‘ಕುಮ್’ ಸಾಮಾನ್ಯವಾಗಿ ನಾಮಪದದ ಮುಂಚೆ ಬರುತ್ತದೆ; ‘ನಾನು’, ‘ನೀನು’ಗಳಂಥ ಸರ್ವನಾಮಗಳಿಗೆ ಮಾತ್ರ, ನಮ್ಮ ‘ನನ್ನೊಡನೆ’ಯಲ್ಲಿ ‘ಒಡನೆ’ ಅಂಟಿದ ಹಾಗೆ, ಹಿಂದಿನಿಂದ ಅಂಟಿಕೊಳ್ಳುತ್ತದೆ. ಸ್ಪ್ಯಾನಿಷ್ ಈ ಅಂಟನ್ನು ಮರೆತು ‘ಕೊನ್ಮಿಗೊ’ ಎಂದು ಮುಂದೊಂದು ‘ಜೊತೆ’ಯನ್ನು ಮತ್ತೆ ಸೇರಿಸಿಕೊಂಡಿತು ಎಂಬುದು ಭಾಷಾಪ್ರಿಯರಿಗೆ ಒಂದು ಸಣ್ಣ ತಮಾಷೆ.

ಹೀಗೆ ಜೊತೆಯಲ್ಲಿ ಸಾಗಿದ ವಸ್ತು ಹೇಗಿತ್ತು ಎಂಬುದಕ್ಕೆ 15ನೇ ಶತಮಾನದ ಇಂಗ್ಲೆಂಡಿನ ವೈದ್ಯರು ಬಳಸುತ್ತಿದ್ದ ಮಡಿಕೆ ಪಂಚಾಂಗಗಳು ಒಳ್ಳೆಯ ಉದಾಹರಣೆ. ಚರ್ಮಪತ್ರದ ಹಾಳೆಗಳನ್ನು ಅಂಗೈಯಗಲಕ್ಕೆ ಮಡಿಸಿ ಸೊಂಟದ ಪಟ್ಟಿಗೆ ತೂಗುಹಾಕಿಕೊಳ್ಳುತ್ತಿದ್ದರು. ಬಿಚ್ಚಿದರೆ ಗ್ರಹಣದ ಕೋಷ್ಟಕ, ಯಾವ ಅಂಗಕ್ಕೆ ಯಾವ ರಾಶಿ ಎಂದು ಗುರುತಿಸಿದ ಮನುಷ್ಯಾಕೃತಿ, ರಕ್ತ ತೆಗೆಯಬೇಕಾದ ನಾಳಗಳ ಚಿತ್ರ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತೇ ನೋಡಬಹುದಾದ ಇಂಥವನ್ನು ಇಂದಿನ ವಿದ್ವಾಂಸರು ಇದೇ ಲ್ಯಾಟಿನ್ ಹೆಸರಿನಿಂದ ಕರೆಯುತ್ತಾರೆ. ಇಂದಿನ ಬಳಕೆಯಲ್ಲಿ ಸೊಂಟವೂ ಇಲ್ಲ, ಜೇಬೂ ಇಲ್ಲ: ಫ್ರಾನ್ಸಿನ ಶಿಕ್ಷಣ ಸಚಿವಾಲಯವು ಶಾಲೆಗಳಲ್ಲಿ ‘ಲಾಯಿಸಿತೆ’ಯನ್ನು, ಅಂದರೆ ಅಲ್ಲಿನ ಧರ್ಮನಿರಪೇಕ್ಷತೆಯನ್ನು, ಪಾಲಿಸುವ ಬಗೆಗೆ ಹೊರತಂದಿರುವ ‘ವಾದೆಮೆಕೊಮ್’ ಹತ್ತಾರು ಪುಟಗಳ ಪಿಡಿಎಫ್.

ಫ್ರೆಂಚ್ ಪದ ಬೇಕೆಂದು ಹುಡುಕುವುದು ವ್ಯರ್ಥ ಶ್ರಮ. ‘ವಾದೆಮೆಕೊಮ್’ ಈಗ ಫ್ರೆಂಚ್ ಪದವೇ. ಹತ್ತಿರದ ಪದಗಳಲ್ಲಿ ‘ಎಯ್ದ್-ಮೆಮುವಾರ್’ ನೆನಪಿಗೆಂದು ಬರೆದಿಟ್ಟ ಮುಖ್ಯಾಂಶಗಳನ್ನು ಹೇಳುತ್ತದೆ, ‘ಮಾನ್ಯುಯೆಲ್’ ಪಠ್ಯಪುಸ್ತಕದ ಕಡೆಗೆ ವಾಲುತ್ತದೆ, ‘ಗೀದ್’ ಎಲ್ಲಕ್ಕೂ ಸಲ್ಲುತ್ತದೆ. ‘ಲಿವ್ರ್ ದ ಪೋಶ್’ ಮಾತ್ರ ಬೇಡ. ಅಕ್ಷರಶಃ ‘ಜೇಬಿನ ಪುಸ್ತಕ’ವಾದರೂ ಅದು ಅಗ್ಗದ ಸಣ್ಣ ಆವೃತ್ತಿಯ ಹೆಸರು, ಅದರಲ್ಲಿ ಕಾದಂಬರಿಯೂ ಇರಬಹುದು. ಬರವಣಿಗೆಯಲ್ಲಿ ಅಡ್ಡಗೆರೆ ಇಟ್ಟು ಎರಡು ತುಂಡಾಗಿ ಬರೆದ, ಬಹುವಚನದಲ್ಲಿ ಬದಲಾಗದ ಹಳೆಯ ರೂಪವನ್ನೂ, 1990ರ ಕಾಗುಣಿತ ಸುಧಾರಣೆಯ ನಂತರದ, ಸ್ವರಚಿಹ್ನೆಯೊಡನೆ ಕೂಡಿಸಿ ಬರೆದು ಬಹುವಚನಕ್ಕೆ ‘ಎಸ್’ ಹಚ್ಚುವ ರೂಪವನ್ನೂ ನೀವು ಕಾಣುವಿರಿ, ಎರಡೂ ಸಮ್ಮತ.

ಕನ್ನಡದ ‘ಕೈಪಿಡಿ’ ಸಾಕು, ಆದರೆ ಅದು ಬೇರೆ ಚಿತ್ರವನ್ನು ಕೊಡುತ್ತದೆ. ‘ಹಿಡಿ’ಯ ಹಳೆಯ ರೂಪವಾದ ‘ಪಿಡಿ’ ಇರುವ ಈ ಪದ, ಗ್ರೀಕಿನ ‘ಎಂಖೈರಿದಿಯೋನ್’ ಮತ್ತು ಲ್ಯಾಟಿನ್‌ನ ‘ಮನುವಾಲೆ’ಗಳ ಹಾಗೆ, ಕೈಯನ್ನು ನೆನೆಯುತ್ತದೆಯೇ ಹೊರತು ದಾರಿಯನ್ನಲ್ಲ. ಜೊತೆಗಾರಿಕೆಯ ಧ್ವನಿ ಉಳಿಯಬೇಕಾದ ಶೀರ್ಷಿಕೆಗಳಲ್ಲಿ ನಾನಾದರೆ ‘ಶಿಕ್ಷಕರ ಒಡನಾಡಿ’ ಎಂಬಂತೆ ಬರೆದು, ಒಳಪುಟಗಳಲ್ಲಿ ‘ಕೈಪಿಡಿ’ಯನ್ನೇ ಬಳಸುತ್ತೇನೆ. ಸ್ಪ್ಯಾನಿಷ್ ಮೂಲದ ವೈದ್ಯಕೀಯ ಬರಹ ನಿಮ್ಮ ಕೈಗೆ ಬಂದರೆ ಮಾತ್ರ ಎಚ್ಚರವಿರಲಿ: ಅಲ್ಲಿ ‘ವಾದೆಮೆಕುಮ್’ ಎಂದರೆ ಸಾಮಾನ್ಯವಾಗಿ ಔಷಧಗಳ ಹೆಸರು, ಪ್ರಮಾಣಗಳನ್ನು ಕೊಡುವ ಔಷಧಕೋಶ, ಫ್ರೆಂಚ್ ವೈದ್ಯರು ‘ವಿದಾಲ್’ ಎಂದು ಕರೆಯುವಂಥದ್ದು.