ಆ ರಕ್ತ ಪರೀಕ್ಷೆಗೆ ಹೋಗಬೇಡಿ

ನೀವು ಹೊರದೇಶಕ್ಕೆ ಬಂದು ಮೂರು ತಿಂಗಳಾಯಿತು, ಹೇಳಿದ ಕೆಲಸ ಕೊಟ್ಟಿಲ್ಲ, ಏಜೆಂಟನ ಸಾಲ ಹಾಗೇ ಇದೆ. ಈಗ ಅವನ ಕಡೆಯವನೊಬ್ಬ ಒಂದು ಕಿಡ್ನಿ ಕೊಟ್ಟರೆ ಸಾಲವೂ ತೀರುತ್ತದೆ, ಇಲ್ಲೇ ಉಳಿಯಲು ಕಾಗದವೂ ಆಗುತ್ತದೆ ಅಂದಿದ್ದಾನೆ. "ಒಂದು ಕಿಡ್ನಿಯಲ್ಲೂ ಬದುಕಬಹುದಲ್ವಾ?" ಎಂದು ಕೇಳಿದ್ದೀರಿ. ನಾನು ಹೊರದೇಶಕ್ಕೆ ಬಂದು 19 ವರ್ಷವಾಯಿತು. ಸುತ್ತಿ ಬಳಸಿ ಹೇಳುವುದಿಲ್ಲ. ನಾಳೆ ಅವನು ಕರೆದಿರುವ ರಕ್ತ ಪರೀಕ್ಷೆಗೆ ಹೋಗಬೇಡಿ.

ಬದುಕಬಹುದು, ನಿಜ. ಅಣ್ಣ ತಮ್ಮನಿಗೆ, ತಾಯಿ ಮಗಳಿಗೆ ಕೊಟ್ಟು ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರನ್ನು ಮೊದಲು ಪೂರ್ತಿ ಪರೀಕ್ಷೆ ಮಾಡಿರುತ್ತಾರೆ, ಕೊನೇ ಗಳಿಗೆಯಲ್ಲೂ ಬೇಡ ಅನ್ನಬಹುದು, ಆಮೇಲೂ ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ದಲ್ಲಾಳಿಯ ಹಿಂದೆ ಹೋದವನನ್ನು ಆಮೇಲೆ ಯಾರು ಕೇಳುತ್ತಾರೆ?

ನಾನು ಬಂದ ಹೊಸದರಲ್ಲಿ ಎಂಟು ಜನ ಒಂದೇ ಕೋಣೆಯಲ್ಲಿದ್ದೆವು. ಪಕ್ಕದ ಮಂಚದವನು ಅಂಗಿ ಬದಲಿಸುವಾಗ ಯಾವಾಗಲೂ ಗೋಡೆ ಕಡೆ ತಿರುಗುತ್ತಿದ್ದ. ಒಂದು ದಿನ ಕಂಡುಬಿಟ್ಟಿತು, ಎಡಗಡೆ ಪಕ್ಕೆಲುಬಿನ ಕೆಳಗಿಂದ ಹೊಟ್ಟೆಯವರೆಗೆ ಗೇಣುದ್ದದ ಹೊಲಿಗೆ ಗುರುತು. ಮಾತಾಡಿದ ಹಣದಲ್ಲಿ ಅರ್ಧವೂ ಸಿಕ್ಕಿರಲಿಲ್ಲ, ಸಿಕ್ಕಿದ್ದರಲ್ಲೂ ಊಟ, ಬಾಡಿಗೆ, ಆಸ್ಪತ್ರೆ ಖರ್ಚು ಅಂತ ಮುರಿದುಕೊಂಡಿದ್ದರು. ಗಾಯ ಪೂರ್ತಿ ಮಾಗುವ ಮೊದಲೇ ಮೂಟೆ ಹೊರಲು ಹೋದ, ಆಗಲಿಲ್ಲ, ಕೆಲಸ ಹೋಯಿತು, ಮತ್ತೆ ಅದೇ ಏಜೆಂಟನ ಹತ್ತಿರ ಸಾಲ. ರಾತ್ರಿ ಅವನು ಮಗ್ಗುಲು ಬದಲಿಸುವಾಗ ನರಳುವುದು ನನಗೆ ಕೇಳುತ್ತಿತ್ತು. ಇವತ್ತಿಗೂ ಮರೆತಿಲ್ಲ.

'ಸುಮ್ನೆ ಮೆಡಿಕಲ್' ಅಂದರೆ ನಂಬಬೇಡಿ. ಕೆಲಸದ ವೀಸಾಕ್ಕೆ ಸಾಮಾನ್ಯವಾಗಿ ನೋಡುವುದು ಟಿಬಿಗೆ ಎದೆಯ ಎಕ್ಸ್‌ರೇ, ಎಚ್‌ಐವಿ ಮತ್ತು ಹೆಪಟೈಟಿಸ್‌ಗೆ ರಕ್ತ. ಕಿಡ್ನಿಯ ರಕ್ತನಾಳದ ಸಿಟಿ ಸ್ಕ್ಯಾನ್, ಇನ್ನೊಬ್ಬರಿಗೆ ಹೊಂದುತ್ತದೆಯಾ ಎಂದು ನೋಡುವ ಕ್ರಾಸ್‌ಮ್ಯಾಚ್ ಯಾವ ಕೆಲಸಕ್ಕೂ ಬೇಕಾಗಿಲ್ಲ. ಗುರುತೇ ಇಲ್ಲದ ರೋಗಿಯನ್ನು ನೆಂಟರು ಅಂತ ಹೇಳಲು ಕಲಿಸಿದರೆ ಅಲ್ಲಿಂದ ಎದ್ದು ಬನ್ನಿ.

2022ರಲ್ಲಿ ನೈಜೀರಿಯಾದ ಲಾಗೋಸ್‌ನ ಬೀದಿಯಲ್ಲಿ ಫೋನ್ ಸಾಮಾನು ಮಾರುತ್ತಿದ್ದ ಹುಡುಗನೊಬ್ಬನನ್ನು ಲಂಡನ್ನಿಗೆ ಕರೆತಂದದ್ದು ಹೀಗೆಯೇ, ರೋಗಿಯ ಕಸಿನ್ ಎಂದು ಸುಳ್ಳು ಹೇಳಿ. ಆಸ್ಪತ್ರೆಯ ಡಾಕ್ಟರಿಗೆ ಅನುಮಾನ ಬಂತು, ಆಪರೇಷನ್ ಬೇಡ ಅಂದರು. ಹುಡುಗ ಆಮೇಲೆ ತಾನೇ ಪೊಲೀಸ್ ಠಾಣೆಗೆ ನಡೆದು ಹೋದ. 2023ರಲ್ಲಿ, ಮಗಳಿಗೆ ಕಿಡ್ನಿ ಬೇಕೆಂದು ಅವನನ್ನು ಕರೆಸಿದ್ದ ನೈಜೀರಿಯಾದ ಸೆನೆಟರ್ ಐಕೆ ಎಕ್ವೆರೆಮಾಡುಗೆ 9 ವರ್ಷ 8 ತಿಂಗಳು ಜೈಲಾಯಿತು, ನಡುವೆ ನಿಂತು ಹೊಂದಿಸಿದ ಡಾಕ್ಟರಿಗೆ 10 ವರ್ಷ. ಹುಡುಗನನ್ನು ಯಾರೂ ಜೈಲಿಗೆ ಹಾಕಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಇರಾನ್ ಬಿಟ್ಟರೆ ಹೆಚ್ಚು ಕಡಿಮೆ ಎಲ್ಲ ಕಡೆಯೂ ಕಿಡ್ನಿ ಮಾರಾಟ ಅಪರಾಧ. ದಲ್ಲಾಳಿ ಅದನ್ನೇ ಹಿಡಿದು "ಬಾಯಿ ಬಿಟ್ಟರೆ ಒಳಗೆ ಹೋಗೋನು ನೀನೇ" ಎಂದು ಹೆದರಿಸುತ್ತಾನೆ. ಆದರೆ ಮಾನವ ಕಳ್ಳಸಾಗಣೆ ತಡೆಯಲು ವಿಶ್ವಸಂಸ್ಥೆ 2000ದಲ್ಲಿ ಮಾಡಿದ ಒಪ್ಪಂದದಲ್ಲಿ ಅಂಗ ತೆಗೆಯುವುದೂ ಶೋಷಣೆಯೇ. ಮೋಸದಿಂದ, ಅಥವಾ ನಿಮ್ಮ ಕಷ್ಟವನ್ನು ಬಳಸಿಕೊಂಡು ಪಡೆದ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ. ನೀವು ಈಗಾಗಲೇ ಏನಾದರೂ ಸಹಿ ಹಾಕಿದ್ದರೂ ತಪ್ಪು ನನ್ನದೇ ಅಂದುಕೊಂಡು ಬಾಯಿ ಮುಚ್ಚಿಕೊಂಡು ಕೂರಬೇಡಿ.

ಸಾಲ ನಿಜ, ಅದರ ಹೆದರಿಕೆ ನನಗೂ ಗೊತ್ತು. ಆದರೆ ಅದಕ್ಕೆ ವಕೀಲರಿದ್ದಾರೆ, ವಲಸೆ ಕಾರ್ಮಿಕರಿಗೆ ನೆರವಾಗುವ ಸಂಘಗಳಿವೆ, ನಮ್ಮ ರಾಯಭಾರ ಕಚೇರಿ ಇದೆ. ಅಕಸ್ಮಾತ್ ಆಸ್ಪತ್ರೆಯವರೆಗೆ ಹೋಗಲೇಬೇಕಾಗಿ ಬಂದರೆ ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕು ಅನ್ನಿ, ದಲ್ಲಾಳಿ ಕರೆತಂದ ದುಭಾಷಿ ಬೇಡ ಅನ್ನಿ, ಎಲ್ಲ ಹೇಳಿಬಿಡಿ.

ಒಂದು ವಿಷಯ ನೀವು ಬರೆದಿಲ್ಲ. ನಿಮ್ಮ ಪಾಸ್‌ಪೋರ್ಟ್ ಈಗ ಯಾರ ಹತ್ತಿರ ಇದೆ? ಇವತ್ತೇ ತಿಳಿಸಿ.