ಫ್ರೀ ಗೇಮ್‌ಗಳಲ್ಲಿ ಕ್ಯಾರೆಕ್ಟರ್‌ಗಳಿಗೆ ಬೆಲೆ ಹೇಗೆ ಹಾಕುತ್ತಾರೆ? ದುಬಾರಿ ಅಂದ್ರೆ ಜಾಸ್ತಿ ಪವರ್‌ಫುಲ್ಲಾ?

ನೀವು ಕೇಳಿರುವುದು ಇಷ್ಟು. ವ್ಯಾಲೊರಂಟ್ ಅನ್ನುವ ಗುಂಡಿನ ಕಾಳಗದ ಗೇಮ್ ಆಡಲು ಶುರು ಮಾಡಿದ್ದೀರಿ. ಐದು ಏಜೆಂಟ್‌ಗಳು (ಅಲ್ಲಿನ ಕ್ಯಾರೆಕ್ಟರ್‌ಗಳು) ಬಿಟ್ಟಿ ಸಿಕ್ಕಿದ್ದಾರೆ, ಉಳಿದವರಿಗೆಲ್ಲ ಆಡಿ ಗಳಿಸುವ 8000 ಕಿಂಗ್‌ಡಮ್ ಕ್ರೆಡಿಟ್ ಇಲ್ಲವೇ ದುಡ್ಡು ಕೊಟ್ಟು ಕೊಳ್ಳುವ 1000 ವಿಪಿ. ನಿಮ್ಮ ರೂಮ್‌ಮೇಟ್ ಆಡುವ ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೇಟು. ಡೋಟಾ 2ನಲ್ಲಿ ರೇಟೇ ಇಲ್ಲ, ಎಲ್ಲರೂ ಫ್ರೀ. ಇದೆಲ್ಲ ಯಾವ ಲೆಕ್ಕದಲ್ಲಿ ನಡೆಯುತ್ತದೆ, ನಾನೂ ದುಡ್ಡು ಹಾಕಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಏಜೆಂಟ್‌ಗೆ ಅಂತ ದುಡ್ಡು ಹಾಕಬೇಡಿ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಕತೆ.

ನಾನು ಬೆಂಗಳೂರಿನ ಒಂದು ಸಣ್ಣ ಮೊಬೈಲ್ ಗೇಮ್ ಕಂಪನಿಯಲ್ಲಿ ಇದೇ ಕೆಲಸ ಮಾಡಿದವನು. ಗೇಮ್ ಒಳಗಿನ ಅಂಗಡಿಯಲ್ಲಿ ಇರುವುದಕ್ಕೆಲ್ಲ ರೇಟು ಕೂರಿಸುವುದು. ಕ್ಯಾರೆಕ್ಟರ್ ಎಷ್ಟು ಜೋರಾಗಿದ್ದಾನೆ ನೋಡಿ ಬೆಲೆ ಕಟ್ಟುತ್ತಾರೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಮ್ಮ ಎಕ್ಸೆಲ್ ಶೀಟಿನಲ್ಲಿ ಕ್ಯಾರೆಕ್ಟರ್ ಹೆಸರು ಬರುತ್ತಿದ್ದದ್ದೇ ಕೊನೆಗೆ. ಮೊದಲ ಕಾಲಮ್ ದಿನದ್ದು. ಸಂಜೆ ನಾಲ್ಕು ಮ್ಯಾಚ್ ಆಡಿ ಮಲಗುವ ಹುಡುಗನಿಗೆ ಎಷ್ಟು ದಿನಕ್ಕೊಬ್ಬ ಹೊಸಬ ಸಿಗಬೇಕು? ಹತ್ತು ದಿನ ಅಂತ ತೀರ್ಮಾನವಾಯಿತು ಅನ್ನಿ. ಒಂದು ಮ್ಯಾಚಿಗೆ 50 ಕಾಯಿನ್ ಕೊಡುವುದಾದರೆ ದಿನಕ್ಕೆ 200, ಹತ್ತು ದಿನಕ್ಕೆ 2000. ಬೆಲೆ ಬಂತು. ಆಮೇಲೆ ಇನ್ನೊಂದು ಕಾಲಮ್: ಆ ಹತ್ತು ದಿನ ಕಾಯಲು ಆಗದವನು ಎಷ್ಟು ರೂಪಾಯಿ ಬಿಚ್ಚುತ್ತಾನೆ? ಎರಡು ಬೆಲೆಯೂ ಹೀಗೇ ಹುಟ್ಟುತ್ತವೆ. ಮೊದಲನೇ ಕ್ಯಾರೆಕ್ಟರ್ ಮಾತ್ರ ಬೇಕಂತಲೇ ತೀರಾ ಅಗ್ಗ ಇಡುತ್ತೇವೆ. ಅಂಗಡಿ ಎಲ್ಲಿದೆ, ಬಟನ್ ಯಾವುದು ಅಂತ ಆಟಗಾರನ ಬೆರಳಿಗೆ ಅಭ್ಯಾಸ ಆಗಲಿ ಅಂತ.

ಬಲ ನೋಡಿ ಬೆಲೆ ಹಾಕದೇ ಇರಲು ಇನ್ನೂ ಗಟ್ಟಿ ಕಾರಣ ಒಂದಿದೆ. ಬಲ ಒಂದೇ ಕಡೆ ನಿಲ್ಲುವುದಿಲ್ಲ. 2021ರ ನವೆಂಬರ್‌ನಲ್ಲಿ ವ್ಯಾಲೊರಂಟ್‌ಗೆ ಚೇಂಬರ್ ಎಂಬ ಏಜೆಂಟ್ ಬಂದ. 2022ರಲ್ಲಿ ಎಲ್ಲಿ ನೋಡಿದರೂ ಅವನದೇ ದರ್ಬಾರು. ಎರಡು ಕಡೆ ಟೆಲಿಪೋರ್ಟ್ ಆಂಕರ್ (ಥಟ್ಟನೆ ಹಾರಿ ಸೇರಿಕೊಳ್ಳುವ ಜಾಗದ ಗುರುತು) ಇಟ್ಟುಕೊಂಡು, ಇಣುಕಿ ಒಂದು ಗುಂಡು ಹೊಡೆದು, ನೀವು ತಿರುಗುವಷ್ಟರಲ್ಲಿ ಮಾಯ. ಅದೇ ವರ್ಷ ಡಿಸೆಂಬರ್‌ನಲ್ಲಿ 5.12 ಪ್ಯಾಚ್, ಅಂದರೆ ಗೇಮ್‌ನ ತಿದ್ದುಪಡಿ, ಬಂತು. ಎರಡು ಆಂಕರ್ ಹೋಗಿ ಒಂದಾಯಿತು, ದರ್ಬಾರು ಅಲ್ಲಿಗೆ ಮುಗಿಯಿತು. ಬಲಕ್ಕೆ ತಕ್ಕ ಬೆಲೆ ಅಂತ ಅವನಿಗೆ ಎರಡರಷ್ಟು ರೇಟು ಇಟ್ಟಿದ್ದಿದ್ದರೆ? ಪ್ಯಾಚ್ ಬಂದ ದಿನವೇ ದುಡ್ಡು ವಾಪಸ್ ಕೊಡಿ ಅಂತ ಜನ ಮುಗಿಬೀಳುತ್ತಿದ್ದರು. ಎಲ್ಲರಿಗೂ ಒಂದೇ ಬೆಲೆ ಇಟ್ಟುಬಿಟ್ಟರೆ ಆ ಗೋಳೇ ಇಲ್ಲ.

ನಿಮಗೆ ಬಿಟ್ಟಿ ಸಿಕ್ಕ ಐದು ಜನರನ್ನೇ ನೋಡಿ. ಜೆಟ್, ಫೀನಿಕ್ಸ್, ಸೇಜ್, ಸೋವಾ, ಬ್ರಿಮ್‌ಸ್ಟೋನ್. ಡ್ಯುಯಲಿಸ್ಟ್ (ಮುನ್ನುಗ್ಗುವವರು), ಸೆಂಟಿನೆಲ್ (ಕಾವಲು ಕಾಯುವವರು), ಇನಿಶಿಯೇಟರ್ (ದಾಳಿಗೆ ದಾರಿ ಮಾಡಿಕೊಡುವವರು), ಕಂಟ್ರೋಲರ್ (ಹೊಗೆ ಹಾಕಿ ಎದುರಾಳಿಯ ನೋಟ ಮುಚ್ಚುವವರು), ನಾಲ್ಕೂ ಪಾತ್ರ ಇದರಲ್ಲೇ ಬಂದುಬಿಟ್ಟವು. ಜೆಟ್‌ಳನ್ನಂತೂ ದೊಡ್ಡ ದೊಡ್ಡ ಟೂರ್ನಮೆಂಟ್‌ಗಳಲ್ಲಿ ವರ್ಷಗಟ್ಟಲೆ ಆಡಿಸಿದ್ದಾರೆ. ಬಿಟ್ಟಿ ಸಿಕ್ಕವಳು ಅಂತ ಸದರ ಮಾಡಬೇಡಿ.

ಲೀಗ್‌ನ ರೇಟಿನ ಲೆಕ್ಕ ಬೇರೆ. ಅದು 2009ರ ಗೇಮ್, ಈಗ ಅಲ್ಲಿ 160ಕ್ಕೂ ಹೆಚ್ಚು ಚಾಂಪಿಯನ್‌ಗಳು (ಅಲ್ಲಿನ ಕ್ಯಾರೆಕ್ಟರ್‌ಗಳು) ಇದ್ದಾರೆ. ಹಲವು ವರ್ಷ ಅಲ್ಲಿದ್ದ ದರಪಟ್ಟಿ, ಆಡಿ ಗಳಿಸುವ ಪಾಯಿಂಟ್‌ಗಳ ಲೆಕ್ಕದಲ್ಲಿ, 450, 1350, 3150, 4800, 6300 ಅಂತ ಮೆಟ್ಟಿಲು ಮೆಟ್ಟಿಲಾಗಿತ್ತು. ಹೊಸಬ ಬಂದ ಮೊದಲ ವಾರ 7800, ಆಮೇಲೆ 6300ಕ್ಕೆ ಇಳಿಯುತ್ತಿದ್ದ. ಹೊಸಬ ಬಂದಾಗ ಯಾರೋ ಒಬ್ಬ ಹಳಬನ ಬೆಲೆ ಕಡಿಮೆ ಮಾಡುವ ಪದ್ಧತಿಯೂ ಇತ್ತು. ಅಂದರೆ ಆ ಅಂಕಿ ಹೇಳುವುದು ಮುಖ್ಯವಾಗಿ ವಯಸ್ಸನ್ನು, ಸ್ವಲ್ಪ ಮಟ್ಟಿಗೆ ಕಷ್ಟವನ್ನು. 450ರ ಸಾಲಿನಲ್ಲಿದ್ದ ಆ್ಯನಿ, ಆ್ಯಶ್, ಗ್ಯಾರೆನ್ ಮೂವರೂ ಕಲಿಯಲು ಸುಲಭ. ಹೊಸದಾಗಿ ಬಂದವನ ಕೈಗೆ ಮೊದಲು ಅವರೇ ಸಿಗಲಿ ಅಂತ ರೇಟೇ ದಾರಿ ತೋರಿಸುತ್ತದೆ. ಇದು ನನಗೆ ಇಷ್ಟವಾದ ಉಪಾಯ. ಆದರೆ ಅದೇ ಗೇಮ್‌ನಲ್ಲಿ ರ‍್ಯಾಂಕ್ಡ್ (ಶ್ರೇಯಾಂಕಕ್ಕೆ ಲೆಕ್ಕವಾಗುವ ಪಂದ್ಯ) ಆಡಲು 20 ಚಾಂಪಿಯನ್‌ಗಳು ನಿಮ್ಮವರಾಗಿರಬೇಕು ಅನ್ನುವ ಷರತ್ತೂ ಇತ್ತು. ಆದಷ್ಟು ಅಗ್ಗದವರನ್ನೇ ಆರಿಸಿದರೆ ಕಡಿಮೆಗೇ ಕೆಲಸ ಮುಗಿಯುತ್ತಿತ್ತು. 6300ರವರೇ ಬೇಕು ಅಂದರೆ 1,26,000. ಯೂಟ್ಯೂಬ್ ನೋಡಿ ಆಸೆಪಟ್ಟು ಹೋದವನಿಗೆ ಪರ್ಸ್ ತೆಗೆಯುವ ಮನಸ್ಸಾಗುವುದು ಇಲ್ಲೇ.

ಈಗ ವಿಪಿ ವಿಷಯ. ಅಮೆರಿಕದಲ್ಲಿ 4.99 ಡಾಲರ್‌ಗೆ 475 ವಿಪಿ, 9.99 ಡಾಲರ್‌ಗೆ 1000 ವಿಪಿ. ಸಣ್ಣ ಪ್ಯಾಕ್ ಎರಡು ತಗೊಂಡರೆ 950. ಏಜೆಂಟ್‌ಗೆ 50 ಕಮ್ಮಿ! ಇದು ಕಾಕತಾಳೀಯ ಅಂತ ನಾನಂತೂ ನಂಬುವುದಿಲ್ಲ. ಲೀಗ್‌ನಲ್ಲಿ ಇದೇ ಆಟ ತಿರುಗುಮುರುಗು. ಹಿಂದೆ 10 ಡಾಲರ್‌ಗೆ 1380 ಆರ್‌ಪಿ (ವಿಪಿ ಇದ್ದ ಹಾಗೆ, ದುಡ್ಡು ಕೊಟ್ಟು ಕೊಳ್ಳುವ ಪಾಯಿಂಟ್) ಕೊಡುತ್ತಿದ್ದರು, ದುಬಾರಿ ಚಾಂಪಿಯನ್‌ಗೆ 975. ಕೈಯಲ್ಲಿ 405 ಉಳಿಯಿತು. ಅಂಗಡಿಯವನು ಚಿಲ್ಲರೆ ಇಲ್ಲ ಅಂತ ಚಾಕಲೇಟ್ ಕೈಗಿಡುವ ಹಾಗೆ. ಏನು ಮಾಡುತ್ತೀರಿ ಆ 405 ಇಟ್ಟುಕೊಂಡು? ಇನ್ನೊಂದು ಪ್ಯಾಕ್ ತಗೊಳ್ಳುತ್ತೀರಿ, ಅಲ್ವಾ.

ಬಿಟ್ಟಿ ಕ್ರೆಡಿಟ್ ಕಡೆಗೂ ಒಂದು ಬೇಲಿ ಇದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಕಿಂಗ್‌ಡಮ್ ಕ್ರೆಡಿಟ್ 10,000ಕ್ಕಿಂತ ಮೇಲೆ ಕೂಡಿಡಲು ಆಗುವುದಿಲ್ಲ. ಏಜೆಂಟ್‌ಗೆ 8000. ಅಂದರೆ ಒಂದೇ ಸಲ ಇಬ್ಬರಿಗೆ ಆಗುವಷ್ಟು ಉಳಿಸಿಡುವುದು ಸಾಧ್ಯವೇ ಇಲ್ಲ. ವರ್ಷದಿಂದ ಆಡುತ್ತಿರುವವನು ಕ್ರೆಡಿಟ್ ಗುಡ್ಡೆ ಹಾಕಿಕೊಂಡು, ಒಬ್ಬರ ಹಿಂದೆ ಒಬ್ಬರಂತೆ ಬರುವ ಏಜೆಂಟ್‌ಗಳನ್ನೆಲ್ಲ ಸುಮ್ನೆ ಎತ್ತಿಕೊಂಡು ಹೋಗಬಾರದು. ಬೆಲೆ ಕೂರಿಸುವವರಿಗೆ ಇರುವ ದೊಡ್ಡ ಭಯವೇ ಈ ಗುಡ್ಡೆ.

ಹಾಗಾಗಿ ಬೆಲೆಯ ಅಂಕಿಯೊಂದನ್ನೇ ನೋಡಿ ಅಗ್ಗ, ದುಬಾರಿ ಅನ್ನಬೇಡಿ. ಗಳಿಕೆಯನ್ನೂ ನೋಡಿ. ಇದಕ್ಕೆ ಒಳ್ಳೆಯ ಉದಾಹರಣೆ 2017ರ ನವೆಂಬರ್‌ನದು. ಇಎ ಕಂಪನಿಯ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಫ್ರೀ ಗೇಮ್ ಅಲ್ಲ, 60 ಡಾಲರ್ ಕೊಟ್ಟು ಕೊಳ್ಳಬೇಕಿತ್ತು. ಕೊಂಡ ಮೇಲೂ ಡಾರ್ತ್ ವೇಡರ್ ಬೇಕೆಂದರೆ 60,000 ಕ್ರೆಡಿಟ್ ಗಳಿಸಬೇಕಿತ್ತು. ಸುಮಾರು 40 ತಾಸು ಆಡಬೇಕು ಅಂತ ಆಟಗಾರರು ಲೆಕ್ಕ ಹಾಕಿದರು. ಸಾಧನೆಯ ಹೆಮ್ಮೆ ಸಿಗಲಿ ಅಂತ ಹಾಗೆ ಮಾಡಿದ್ದೇವೆ ಎಂಬರ್ಥದ ಸಮಜಾಯಿಷಿ ಕಂಪನಿಯಿಂದ ಬಂತು. ಜನ ಅದನ್ನು ಎಷ್ಟು ತಿರಸ್ಕರಿಸಿದರು ಅಂದರೆ, ರೆಡಿಟ್‌ನಲ್ಲಿ ಅತಿ ಹೆಚ್ಚು ಡೌನ್‌ವೋಟ್ ತಿಂದ ಕಾಮೆಂಟ್ ಅಂತ ಅದು ಗಿನ್ನೆಸ್ ದಾಖಲೆ ಸೇರಿತು. ಕಂಪನಿ ಬೆಲೆಯನ್ನು 75 ಶೇಕಡಾ ಇಳಿಸಿ 15,000 ಮಾಡಿತು. ಎಲ್ಲರೂ ಚಪ್ಪಾಳೆ ತಟ್ಟುವಷ್ಟರಲ್ಲಿ ಗೊತ್ತಾಯಿತು, ಕ್ಯಾಂಪೇನ್ (ಗೇಮ್‌ನ ಕಥೆಯ ಭಾಗ) ಮುಗಿಸಿದರೆ ಸಿಗುತ್ತಿದ್ದ 20,000 ಕ್ರೆಡಿಟ್ಟನ್ನೂ 5000ಕ್ಕೆ ಇಳಿಸಿದ್ದಾರೆ ಅಂತ. ಬಲಗೈಲಿ ಕೊಟ್ಟು ಎಡಗೈಲಿ ಕಿತ್ತುಕೊಂಡ ಹಾಗೆ.

ಹಾಗಾದರೆ ದುಬಾರಿ ಅಂದರೆ ಬಲಶಾಲಿ ಅನ್ನುವ ಅನುಮಾನ ಪೂರ್ತಿ ಸುಳ್ಳಾ? ಇಲ್ಲ. ಫ್ರೀ ಫೈರ್ ಆಡಿದವರನ್ನು ಕೇಳಿ. 2022ರ ಫೆಬ್ರವರಿಯಲ್ಲಿ ಭಾರತದಲ್ಲಿ ಬ್ಯಾನ್ ಆಗುವ ಮೊದಲು ನಮ್ಮ ಕಡೆ ಹುಡುಗರು ಬಸ್ ಸ್ಟಾಂಡಿನಲ್ಲೂ ಅದನ್ನೇ ಆಡುತ್ತಿದ್ದರು. ಬ್ರೆಜಿಲ್‌ನ ಡಿಜೆ ಆಲೋಕ್ ಹೆಸರಿನ ಕ್ಯಾರೆಕ್ಟರ್‌ಗೆ ಆಗ 599 ಡೈಮಂಡ್ (ದುಡ್ಡು ಕೊಟ್ಟು ಕೊಳ್ಳುವ ನಾಣ್ಯ) ಇತ್ತು. ಬಂದ ಹೊಸತರಲ್ಲಿ ಆಡಿ ಗಳಿಸುವ ಗೋಲ್ಡ್ ಕೊಟ್ಟರೆ ಸಿಗುತ್ತಿರಲಿಲ್ಲ. ಅವನು ಒಂದು ವರ್ತುಲ ಹಾಕಿದರೆ ಅದರೊಳಗಿನ ಸ್ನೇಹಿತರಿಗೂ ಓಟ ಜಾಸ್ತಿ, ಜೀವವೂ ತುಂಬುತ್ತದೆ. ಗುಂಡಿನ ಕಾಳಗದ ಮಧ್ಯೆ ಇದು ಸಣ್ಣ ಲಾಭ ಅಲ್ಲ. ಸ್ಕ್ವಾಡ್‌ನಲ್ಲಿ ಆಲೋಕ್ ಇಲ್ಲದವನು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದ. ನನ್ನ ಪ್ರಕಾರ ಗೆರೆ ಎಳೆಯಬೇಕಾದ್ದು ಇಲ್ಲಿ. ಎಷ್ಟು ಕಷ್ಟವಾದರೂ ಆಡಿ ಗಳಿಸುವ ದಾರಿ ಒಂದಿದ್ದರೆ ಅದು ಬರೀ ಕಾಯುವ ವಿಷಯ. ಆ ದಾರಿಯೇ ಇಲ್ಲದೆ, ಕ್ಯಾರೆಕ್ಟರ್‌ಗೆ ನಿಜವಾದ ಶಕ್ತಿಯನ್ನೂ ಕೊಟ್ಟರೆ ಅದು ಗೆಲುವನ್ನು ಮಾರಿದ ಹಾಗೆಯೇ. ವ್ಯಾಲೊರಂಟ್ ಈ ಗೆರೆಯ ಆಚೆ ಹೋಗಿಲ್ಲ.

ಡೋಟಾ 2 ಯಾಕೆ ಫ್ರೀ ಅಂದರೆ, ಅಲ್ಲಿ ಎದುರಾಳಿ ಯಾರನ್ನು ಆರಿಸಿದ ಅಂತ ನೋಡಿ ಅದಕ್ಕೆ ಮದ್ದು ಆರಿಸುವುದೇ ಅರ್ಧ ಆಟ. ಮದ್ದಿಗೆ ಬೀಗ ಹಾಕಿದರೆ ಆಟ ಕೆಡುತ್ತದೆ. ಅದಕ್ಕೇ ಅದನ್ನು ಮಾಡಿದ ವಾಲ್ವ್ ಕಂಪನಿ 2013ರಲ್ಲಿ ಬಿಡುಗಡೆ ಮಾಡಿದಾಗಿಂದ ಹೀರೋಗಳನ್ನು ಮಾರಿಲ್ಲ. ಹೀರೋಗಳ ಬಟ್ಟೆಬರೆ ಮಾರುತ್ತದೆ, ಹಿಂದೆ ಬ್ಯಾಟಲ್ ಪಾಸ್ (ಆಡುತ್ತಾ ಹೋದಂತೆ ಲೆವೆಲ್ ಲೆವೆಲ್‌ಗೆ ಬಹುಮಾನ ಕೊಡುವ ಪಾಸ್) ಕೂಡ ಮಾರುತ್ತಿತ್ತು. ಆ ಪಾಸಿನಿಂದ ಬಂದ ದುಡ್ಡಿನಲ್ಲಿ ಕಾಲು ಭಾಗ ಟೂರ್ನಮೆಂಟ್‌ಗೆ ಹೋಗಿ, 2021ರ ದಿ ಇಂಟರ್‌ನ್ಯಾಷನಲ್‌ನ ಬಹುಮಾನದ ಮೊತ್ತ 4 ಕೋಟಿ ಡಾಲರ್ ದಾಟಿತ್ತು. ಓವರ್‌ವಾಚ್ 2 ಈ ಪಾಠವನ್ನು ತಡವಾಗಿ ಕಲಿಯಿತು. 2022ರ ಅಕ್ಟೋಬರ್‌ನಲ್ಲಿ ಹೊಸ ಹೀರೋ ಕಿರಿಕೋಳನ್ನು ಬ್ಯಾಟಲ್ ಪಾಸಿನ 55ನೇ ಲೆವೆಲ್‌ನಲ್ಲಿ ಕೂರಿಸಿ, ದುಡ್ಡು ಕೊಟ್ಟವರಿಗೆ ಮೊದಲ ದಿನವೇ ಬಿಟ್ಟುಕೊಟ್ಟಿತು. 2024ರ ಏಪ್ರಿಲ್‌ಗೆ ಆ ಬೀಗ ತೆಗೆದು ಎಲ್ಲ ಹೀರೋಗಳನ್ನೂ ಫ್ರೀ ಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ ಮಾರ್ವೆಲ್ ರೈವಲ್ಸ್ ಮೊದಲ ದಿನದಿಂದಲೇ ಎಲ್ಲರನ್ನೂ ತೆರೆದಿಟ್ಟಿತು.

ವ್ಯಾಲೊರಂಟ್‌ನಲ್ಲೂ ನಿಜವಾದ ವ್ಯಾಪಾರ ಸ್ಕಿನ್‌ದು. ಪ್ರೀಮಿಯಂ ದರ್ಜೆಯ ಒಂದು ಬಂದೂಕಿನ ಸ್ಕಿನ್‌ಗೆ 1775 ವಿಪಿ. ಒಬ್ಬ ಜೀವಂತ ಏಜೆಂಟ್‌ಗಿಂತ ಬಂದೂಕಿನ ಬಣ್ಣ ದುಬಾರಿ! ಏಜೆಂಟ್‌ಗೆ ಬೀಗ ಇರುವುದು ಮುಖ್ಯವಾಗಿ ನೀವು ನಾಳೆಯೂ ಬರಲಿ ಅಂತ.

ಆದ್ದರಿಂದ ನಿಮಗೆ ನನ್ನ ಸಲಹೆ ಇದು. ಮೊದಲು ಆ ಐದು ಜನರಲ್ಲಿ ನಿಮ್ಮ ಕೈಗೆ ಯಾವ ಪಾತ್ರ ಕೂರುತ್ತದೆ ನೋಡಿ. ನೀವು ಈಗಾಗಲೇ ಪಿಸಿ ಗೇಮ್ ಪಾಸ್ (ಮೈಕ್ರೋಸಾಫ್ಟ್‌ನ ಗೇಮ್ ಚಂದಾ) ತಗೊಂಡಿದ್ದರೆ ನಿಮ್ಮ ರಯಟ್ (ವ್ಯಾಲೊರಂಟ್ ಮಾಡಿದ ಕಂಪನಿ) ಅಕೌಂಟ್ ಅದಕ್ಕೆ ಜೋಡಿಸಿ, ಎಲ್ಲ ಏಜೆಂಟ್‌ಗಳೂ ತೆರೆಯುತ್ತಾರೆ. ಚಂದಾ ನಿಲ್ಲಿಸಿದರೆ ಅವರೂ ಹೋಗುತ್ತಾರೆ, ಅದು ನೆನಪಿರಲಿ. ಅದಿಲ್ಲವಾದರೆ ಮೊದಲ 8000 ಕ್ರೆಡಿಟ್ಟನ್ನು ಓಮನ್ ಎಂಬ ಕಂಟ್ರೋಲರ್ ಮೇಲೆ ಹಾಕಿ. ಗೊತ್ತಿಲ್ಲದವರ ಜೊತೆ ಆಡುವಾಗ ಹೊಗೆ ಹಾಕಲು ಯಾರೂ ಮುಂದೆ ಬರುವುದಿಲ್ಲ, ಎಲ್ಲರಿಗೂ ಡ್ಯುಯಲಿಸ್ಟೇ ಬೇಕು. ಬ್ರಿಮ್‌ಸ್ಟೋನ್‌ಗೆ ಒಂದು ರೌಂಡಿಗೆ ಮೂರು ಹೊಗೆ, ಖಾಲಿಯಾದರೆ ಮುಗಿಯಿತು. ಓಮನ್‌ದು ಸ್ವಲ್ಪ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ.