ಸಂಪಾದಕರ ಉತ್ತರ: 12 ವರ್ಷದಿಂದ ಕೇಳುತ್ತಿದ್ದೇನೆ, ಇನ್ನೂ ಕೇಳಬೇಕಾ?

ಹಾವೇರಿ ಜಿಲ್ಲೆಯ ಸಹೋದರಿಗೆ ವಂದನೆಗಳು.

ನಿಮ್ಮ ಆರು ಪುಟದ ಪತ್ರ ಕೈ ಸೇರಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಈಗ 19 ವರ್ಷ. ಏಳನೇ ವಯಸ್ಸಿನಿಂದ ಫಿಟ್ಸ್ ಬರುತ್ತಿದೆ. ಅವತ್ತಿನಿಂದ ನೀವು ಪ್ರತಿ ಶುಕ್ರವಾರ ಉಪವಾಸವಿದ್ದು ಪ್ರಾರ್ಥನೆ ಮಾಡುತ್ತಿದ್ದೀರಿ. ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದಾಯಿತು, ಸ್ವಸ್ಥತಾ ಕೂಟಗಳಿಗೆ ಕರೆದುಕೊಂಡು ಹೋಗಿದ್ದಾಯಿತು. ಮಾತ್ರೆಯಿಂದ ಫಿಟ್ಸ್ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹೋದ ವರ್ಷ ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು, ಇದು ದುರಾತ್ಮದ ಕಾಟ, ನಿಮ್ಮ ಮನೆಯಲ್ಲಿ ಅಪನಂಬಿಕೆ ಇದೆ, ಮಾತ್ರೆ ನಿಲ್ಲಿಸಿ ದೇವರನ್ನು ನಂಬಿ ಅಂದರು. ಅದೇ ತಿಂಗಳು ನಿಮ್ಮ ಬೀದಿಯದೇ ಒಂದು ಕುಟುಂಬ ಸಭೆಯಲ್ಲಿ ಸಾಕ್ಷಿ ಹೇಳಿತು. 21 ದಿನ ಪ್ರಾರ್ಥನೆ ಮಾಡಿದ್ದಕ್ಕೆ ಮಗನಿಗೆ ದುಬೈನಲ್ಲಿ ಕೆಲಸ ಸಿಕ್ಕಿತಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನೀವೂ ತಟ್ಟಿದಿರಿ, ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿರಿ.

ನೀವು ಕೇಳಿದ್ದು ಇಷ್ಟು. ನನ್ನ ನಂಬಿಕೆ ಕಡಿಮೆಯಾಯಿತಾ? ಇನ್ನೂ ಕೇಳುತ್ತಾ ಇರಲಾ, ಇಲ್ಲ ನಿನ್ನ ಚಿತ್ತ ಅಂತ ಸುಮ್ಮನಾಗಿಬಿಡಲಾ? ಕೇಳಿದ್ದನ್ನು ಕೊಡದ ದೇವರ ಮುಂದೆ ಭಾನುವಾರ ನಿಂತು ಹಾಡುವುದಕ್ಕೆ ಏನರ್ಥ, ಬಾಯಿ ಹಾಡುತ್ತೆ ಆದರೆ ಮನಸ್ಸು ಹಾಡಲ್ಲವಲ್ಲ? ಕೊನೆಯ ಪುಟದ ಅಂಚಿನಲ್ಲಿ ಇನ್ನೊಂದು: ಸ್ತ್ರೀಯರ ಕೂಟದಲ್ಲಿ ನನಗೂ ಸಾಕ್ಷಿ ಹೇಳಲು ಕರೆದಿದ್ದಾರೆ, ಹೋಗಿ ಏನು ಹೇಳಲಿ?

ಎಲ್ಲಕ್ಕಿಂತ ಮೊದಲು ಮಾತ್ರೆಯ ವಿಷಯ. ದಯವಿಟ್ಟು ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಬಿಡದೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಸರಿಯಾದ ಔಷಧ ಸಿಕ್ಕರೆ ನೂರರಲ್ಲಿ 70 ಜನರವರೆಗೂ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಿಮ್ಮ ಮಗಳಿಗೆ ಇನ್ನೂ ಬರುತ್ತಿದೆ ಅಂದರೆ ಒಮ್ಮೆ ನರರೋಗ ತಜ್ಞರಿಗೆ ತೋರಿಸಿ. ನಿಮಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮಾತ್ರೆಗೆ ಬಗ್ಗದ ಕೆಲವು ಬಗೆಯ ಫಿಟ್ಸ್‌ಗೆ ಆಪರೇಷನ್ ಕೂಡ ಮಾಡುತ್ತಾರೆ. ಆಸ್ಪತ್ರೆಗೆ ಹೋಗುವುದು ಅಪನಂಬಿಕೆ ಅಂತ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಅಪೊಸ್ತಲ ಪೌಲನ ಜೊತೆ ಊರೂರು ತಿರುಗಿದ ಲೂಕನೇ ವೈದ್ಯ.

ದುರಾತ್ಮ ಅಂದರಲ್ಲ, ಅದಕ್ಕೂ ಹೇಳುತ್ತೇನೆ. ಮಾರ್ಕನ 9ನೇ ಅಧ್ಯಾಯದಲ್ಲಿ ನೆಲಕ್ಕೆ ಬಿದ್ದು ನೊರೆ ಸುರಿಸುವ ಹುಡುಗ ಇದ್ದಾನೆ. ಅವನ ವಿಷಯದಲ್ಲಿ ಯೇಸು ಸ್ವಾಮಿ ದುರಾತ್ಮವನ್ನು ಗದರಿಸಿದರು, ನಿಜ. ಆದರೆ ಮತ್ತಾಯ 4:24 ತೆಗೆದು ನೋಡಿ. ಸ್ವಾಮಿಯ ಹತ್ತಿರ ಕರೆತಂದವರಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛೆ ರೋಗದವರು ಬೇರೆ ಅಂತ ಅಲ್ಲಿ ಬಿಡಿಸಿ ಬರೆದಿದೆ. ಅಂದಿನವರಿಗೇ ಆ ವ್ಯತ್ಯಾಸ ಗೊತ್ತಿತ್ತು. ಫಿಟ್ಸ್ ಬರುವ ಮಕ್ಕಳಿಗೆಲ್ಲಾ ದೆವ್ವ ಅನ್ನುವವರು ಆ ವಚನ ಓದದೆ ಮಾತಾಡುತ್ತಿದ್ದಾರೆ, ಅಷ್ಟೇ.

ಅದೇ ಹುಡುಗನ ಕಥೆಯಲ್ಲಿ ನಿಮ್ಮ ಮೊದಲನೇ ಪ್ರಶ್ನೆಗೂ ಉತ್ತರ ಇದೆ. ಅಲ್ಲಿರುವ ತಂದೆ ನಿಮ್ಮ ಹಾಗೇ ಸೋತು ಬಂದವನು. ಮಗನಿಗೆ ಚಿಕ್ಕಂದಿನಿಂದ ಹೀಗೆ, ಬೆಂಕಿಗೂ ಬಿದ್ದಿದ್ದಾನೆ, ನೀರಿಗೂ ಬಿದ್ದಿದ್ದಾನೆ. ಶಿಷ್ಯರ ಹತ್ತಿರ ಕರೆತಂದರೆ ಅವರ ಕೈಲಿ ಆಗಲಿಲ್ಲ. ನಿನ್ನಿಂದ ಏನಾದರೂ ಆಗುವುದಾದರೆ ಸಹಾಯ ಮಾಡು ಅಂತ ಕೇಳುತ್ತಾನೆ. ಆಮೇಲೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಅಂತ ಕೂಗಿಕೊಳ್ಳುತ್ತಾನೆ. ಅರ್ಧ ನಂಬಿಕೆ, ಅರ್ಧ ಅನುಮಾನ. ಸ್ವಾಮಿ ಅವನನ್ನು ವಾಪಸ್ ಕಳಿಸಲಿಲ್ಲ. ಮತ್ತಾಯ ಇದೇ ಕಥೆಯನ್ನು ಹೇಳುವಾಗ, ನಿಮ್ಮ ನಂಬಿಕೆ ಕಡಿಮೆ ಅನ್ನುವ ಮಾತು ಬರುತ್ತದೆ. ಅದು ಯಾರಿಗೆ ಹೇಳಿದ್ದು? ಆ ತಂದೆಗಲ್ಲ, ಆ ಹುಡುಗನಿಗಲ್ಲ. ವಾಸಿಮಾಡಲು ಹೋಗಿ ಆಗದೆ ನಿಂತ ಶಿಷ್ಯರಿಗೆ. ಕೂಟ ನಡೆಸುವವರು ಆ ಬೈಗುಳವನ್ನು ತಾವು ತೆಗೆದುಕೊಳ್ಳದೆ, ಕಾಯಿಲೆ ಇರುವ ಮನೆಯ ಮೇಲೆ ಹಾಕುವುದನ್ನು ಕಂಡರೆ ನನಗೆ ತುಂಬಾ ನೋವಾಗುತ್ತದೆ, ಸಿಟ್ಟೂ ಬರುತ್ತದೆ.

ಪೌಲನ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳುತ್ತಾರಾ? ಎಫೆಸದಲ್ಲಿ ಅವನ ಮೈಮೇಲಿನ ವಸ್ತ್ರ ತಂದು ಮುಟ್ಟಿಸಿದರೆ ರೋಗಿಗಳಿಗೆ ವಾಸಿಯಾಗುತ್ತಿತ್ತು. ಅದೇ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ತನ್ನ ಜೊತೆಗಾರ ತ್ರೊಫಿಮನಿಗೆ ಹುಷಾರಿಲ್ಲ, ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತಾನೆ. ತ್ರೊಫಿಮನಲ್ಲಿ ಏನೋ ಪಾಪ ಇತ್ತು ಅನ್ನಲಿಲ್ಲ, ಕಾರಣ ಹುಡುಕಲಿಲ್ಲ.

ಇನ್ನು ಲೂಕ 18ರ ವಿಧವೆ. ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಕ್ಕಿಡದ ಒಬ್ಬ ನ್ಯಾಯಾಧಿಪತಿಯ ಬಾಗಿಲಿಗೆ ನ್ಯಾಯ ಕೇಳಿಕೊಂಡು ಬರುತ್ತಲೇ ಇದ್ದಳು. ಅವಳಿಗೆ ಧೈರ್ಯ ಎಷ್ಟಿತ್ತು, ಸಿಗುತ್ತೆ ಅನ್ನುವ ಭರವಸೆ ಎಷ್ಟಿತ್ತು, ಕಥೆಯಲ್ಲಿ ಒಂದು ಮಾತೂ ಇಲ್ಲ. ಬಂದಳು, ಮತ್ತೆ ಬಂದಳು ಅಂತ ಮಾತ್ರ ಇದೆ. ಆ ಕಥೆ ಮುಗಿಸಿ ಸ್ವಾಮಿ ಕೇಳುತ್ತಾರೆ: ಮನುಷ್ಯಕುಮಾರನು ಬರುವಾಗ ಭೂಮಿಯ ಮೇಲೆ ನಂಬಿಕೆಯನ್ನು ಕಾಣುವನೋ? ಹಾಗಾದರೆ ಅವರು ನಂಬಿಕೆ ಅಂತ ಕರೆದದ್ದು ಅವಳ ಆ ಓಡಾಟವನ್ನೇ. ನಿಮ್ಮ 12 ವರ್ಷದ ಶುಕ್ರವಾರಗಳನ್ನು ಅದರ ಪಕ್ಕಕ್ಕಿಟ್ಟು ನೋಡಿ, ಆಮೇಲೆ ನಂಬಿಕೆ ಕಡಿಮೆಯಾ ಅಂತ ನನ್ನನ್ನು ಕೇಳಿ.

ಕೇಳುವುದನ್ನು ನಿಲ್ಲಿಸಬೇಕಾ ಅಂದರೆ, ಬೇಡ. ನಿನ್ನ ಚಿತ್ತದಂತೆ ಆಗಲಿ ಅನ್ನುವುದು ಬಾಯಿ ಮುಚ್ಚಿಕೊಳ್ಳುವುದಕ್ಕೆ ಹೇಳುವ ಮಾತಲ್ಲ. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಸ್ವಾಮಿ ಮೊದಲು ತಮಗೆ ಬೇಕಾದದ್ದನ್ನು ಬಿಚ್ಚಿ ಕೇಳಿದರು, ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟುಹೋಗಲಿ ಅಂತ. ಆಮೇಲೆ ನಿನ್ನ ಚಿತ್ತ ಅಂದರು. ಅಷ್ಟಕ್ಕೆ ಸುಮ್ಮನಾಗಲಿಲ್ಲ, ಮತ್ತೆ ಹೋಗಿ ಪ್ರಾರ್ಥಿಸಿದರು, ಮೂರನೇ ಸಲವೂ ಹೋಗಿ ಅದೇ ಮಾತು ಹೇಳಿದರು. ಇಬ್ರಿಯರಿಗೆ ಬರೆದ ಪತ್ರದಲ್ಲಿ, ಆತನು ಗಟ್ಟಿಯಾಗಿ ಕೂಗಿ ಕಣ್ಣೀರಿಟ್ಟು ಬೇಡಿದನು, ದೇವರು ಕೇಳಿಸಿಕೊಂಡನು ಅಂತ ಇದೆ. ಆದರೂ ಪಾತ್ರೆ ಬಿಟ್ಟುಹೋಗಲಿಲ್ಲ, ಬೆಳಗಾದರೆ ಶಿಲುಬೆ. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಅಂತ ನಾನು ಲೆಕ್ಕ ಬಿಡಿಸಿ ತೋರಿಸಲಾರೆ. ಎರಡೂ ನಿಜ ಅಂತ ನಂಬುತ್ತೇನೆ.

ಉತ್ತರ ಆಫ್ರಿಕದ ಮೋನಿಕಾ ಎಂಬ ತಾಯಿಯ ಕಥೆ ನಿಮಗೆ ಗೊತ್ತಿರಬಹುದು. ಮಗ ಅಗಸ್ಟೀನ ದಾರಿ ತಪ್ಪಿದ್ದ, ಅವನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದಳು. 383ರಲ್ಲಿ ಅವನು ಕಾರ್ಥೇಜ್ ಬಿಟ್ಟು ರೋಮ್‌ಗೆ ಹೊರಟ. ಹೋಗಬೇಡ ಅಂತ ಅವಳು ಬಂದರಿನವರೆಗೂ ಬಂದಳು. ಸ್ನೇಹಿತನನ್ನು ಕಳಿಸಿಬಿಟ್ಟು ಬರುತ್ತೇನೆ ಅಂತ ಸುಳ್ಳು ಹೇಳಿ, ಅಮ್ಮನನ್ನು ಹತ್ತಿರದ ಪ್ರಾರ್ಥನಾಲಯದಲ್ಲಿ ಉಳಿಸಿದ. ರಾತ್ರಿಯೆಲ್ಲಾ ಅವಳು ಅವನು ಹಡಗು ಹತ್ತದಿರಲಿ ಅಂತ ಬೇಡಿಕೊಂಡಳು. ಬೆಳಗ್ಗೆ ನೋಡಿದರೆ ಹಡಗೇ ಇಲ್ಲ. ಆದರೆ ಆ ಪ್ರಯಾಣ ಅವನನ್ನು ಮಿಲಾನ್‌ಗೆ, ಬಿಷಪ್ ಅಂಬ್ರೋಸ್ ಹತ್ತಿರಕ್ಕೆ ಮುಟ್ಟಿಸಿತು. 387ರ ಈಸ್ಟರ್ ಹಬ್ಬಕ್ಕೆ ಅವನಿಗೆ ದೀಕ್ಷಾಸ್ನಾನವಾಯಿತು, ಅದೇ ವರ್ಷ ಮೋನಿಕಾ ತೀರಿಕೊಂಡಳು. ಅವಳು ಯಾವಾಗಲೂ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿ ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ ಅಂತ ಅಗಸ್ಟೀನನೇ ಆಮೇಲೆ ಬರೆದುಕೊಂಡ.

ಇದನ್ನು ಹೇಳಿ, ನೋಡಿ ಕಾದರೆ ನಿಮಗೂ ಸಿಗುತ್ತೆ ಅಂತ ಮುಗಿಸಿದರೆ ನಿಮಗೆ ಮೋಸ ಮಾಡಿದ ಹಾಗೆ. ಸಿಗದವರೂ ಇದ್ದಾರೆ. ಮಿಷನರಿ ಏಮಿ ಕಾರ್ಮೈಕಲ್ 1895ರಲ್ಲಿ ಭಾರತಕ್ಕೆ ಬಂದು ಮೊದಲು ಇದ್ದದ್ದು ನಮ್ಮ ಬೆಂಗಳೂರಿನಲ್ಲಿ. ಆಮೇಲೆ ತಿರುನೆಲ್ವೇಲಿ ಕಡೆಯ ದೋಣಾವೂರಿನಲ್ಲಿ, ದೇವಸ್ಥಾನಗಳಿಗೆ ಬಿಟ್ಟ ಎಷ್ಟೋ ಹೆಣ್ಣುಮಕ್ಕಳನ್ನು ಸಾಕಿದರು. 1931ರ ಅಕ್ಟೋಬರ್‌ನಲ್ಲಿ ಕತ್ತಲಲ್ಲಿ ಗುಂಡಿಗೆ ಬಿದ್ದು ಕಾಲು ಮುರಿಯಿತು. 1951ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ, ಹತ್ತಿರ ಹತ್ತಿರ 20 ವರ್ಷ, ಬಹುಪಾಲು ಒಂದೇ ಕೋಣೆಯಲ್ಲಿ ನೋವಿನಲ್ಲೇ ಕಳೆದರು. ಆ ಹಾಸಿಗೆಯಿಂದಲೇ, ಕಾಯಿಲೆಯವರಿಗೆ ಕಾಯಿಲೆಯವಳಾಗಿಯೇ ಬರೆದರು. ಅವರ ನಂಬಿಕೆಯನ್ನು ತೂಕಕ್ಕೆ ಹಾಕುವ ಧೈರ್ಯ ನನಗಂತೂ ಇಲ್ಲ.

ಈಗ ಹಾಡುವ ಪ್ರಶ್ನೆ. ಇದೇ ದೊಡ್ಡದು, ಅಲ್ವಾ?

ಯೋಬನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಸೈತಾನ ದೇವರಿಗೆ ಒಂದು ಮಾತು ಕೇಳುತ್ತಾನೆ: ಯೋಬ ಸುಮ್ಸುಮ್ನೆ ಭಕ್ತಿ ಮಾಡುತ್ತಾನಾ? ಅವನಿಗೆ ಮಕ್ಕಳು, ದನಕರು, ಮನೆ ಎಲ್ಲಾ ಕೊಟ್ಟಿದ್ದೀ, ಅದಕ್ಕೇ ಮಾಡುತ್ತಾನೆ. ಮನುಷ್ಯರು ದೇವರನ್ನು ದೇವರಿಗಾಗಿ ಪ್ರೀತಿಸುವುದೇ ಇಲ್ಲ, ಕೊಡುವುದಕ್ಕಾಗಿ ಪ್ರೀತಿಸುತ್ತಾರೆ ಅನ್ನುವುದು ಅವನ ಆರೋಪ. ನಿಮ್ಮ ಬೀದಿಯವರ ದುಬೈ ಸಾಕ್ಷಿ ಸುಳ್ಳಲ್ಲ. ಕೆಲಸ ಸಿಕ್ಕಿದ್ದಕ್ಕೆ ಸ್ತೋತ್ರ ಹೇಳಿದ್ದು ಒಳ್ಳೆಯದೇ, ಅವರ ಮೇಲೆ ಬೇಸರ ಬೇಡ. ಆದರೆ ಸೈತಾನನ ಆ ಪ್ರಶ್ನೆಗೆ ಅಂಥ ಸಾಕ್ಷಿಯಿಂದ ಉತ್ತರ ಕೊಡಲು ಆಗುವುದಿಲ್ಲ. ಸಿಗದೆಯೂ ಬಂದು ನಿಲ್ಲುವವರಿಂದ ಮಾತ್ರ ಆಗುತ್ತದೆ. ಹಿಂದಿನ ರಾತ್ರಿ ಮಗಳಿಗೆ ಫಿಟ್ಸ್ ಬಂದು, ಬೆಳಗ್ಗೆ ಅವಳ ತಲೆ ಬಾಚಿ, ಬೈಬಲ್ ಹಿಡಿದುಕೊಂಡು ನಿಮ್ಮ ಸಭೆಯ ಬಾಗಿಲು ದಾಟುತ್ತೀರಲ್ಲ, ಅದಕ್ಕಿಂತ ದೊಡ್ಡ ಆರಾಧನೆ ನನಗೆ ಗೊತ್ತಿಲ್ಲ. ತವರಿಗೆ ಹೋಗುವುದು ಸೀರೆಗೋಸ್ಕರ ಅಲ್ಲ. ಉಡಿ ತುಂಬದಿದ್ದ ವರ್ಷವೂ ಹೋಗುತ್ತೀರಿ, ಅಮ್ಮ ಇದ್ದಾಳೆ ಅಂತ.

ಹಾಗಂತ ದೇವರು ನಿಮ್ಮನ್ನು ಪರೀಕ್ಷೆ ಮಾಡಲು ಮಗಳಿಗೆ ಕಾಯಿಲೆ ಕೊಟ್ಟ ಅಂತ ನಾನು ಹೇಳುತ್ತಿಲ್ಲ, ಹೇಳುವವರ ಮಾತಿಗೆ ಕಿವಿಗೊಡಬೇಡಿ. ಮಕ್ಕಳು, ಆಸ್ತಿ ಎಲ್ಲಾ ಕಳೆದುಕೊಂಡ ಯೋಬನಿಗೆ ಕೊನೆಯವರೆಗೂ ಕಾರಣ ಗೊತ್ತಾಗಲಿಲ್ಲ. ಅವನು ಕೂಗಾಡಿದ, ದೇವರ ಜೊತೆ ಜಗಳ ಆಡಿದ, ಹುಟ್ಟಿದ ದಿನವನ್ನೇ ಶಪಿಸಿದ. ಅವನ ಸ್ನೇಹಿತರು ಮಾತ್ರ ಬಹಳ ಭಕ್ತಿಯಿಂದ, ನಿನ್ನಲ್ಲೇ ಏನೋ ತಪ್ಪಿರಬೇಕು ಅಂತ ಪಾಠ ಹೇಳಿದರು. ಕಡೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ನನ್ನ ವಿಷಯವಾಗಿ ಯೋಬ ಸರಿಯಾಗಿ ಮಾತಾಡಿದ, ನೀವು ಮಾತಾಡಲಿಲ್ಲ ಅಂದ. ಬಚ್ಚಲಲ್ಲಿ ಅತ್ತದ್ದಕ್ಕೆ ನೀವು ನಾಲ್ಕು ಸಾಲು ಕ್ಷಮೆ ಕೇಳಿ ಬರೆದಿದ್ದೀರಿ. ಅದು ಬೇಕಾಗಿರಲಿಲ್ಲ, ಸಹೋದರಿ.

ಮನಸ್ಸು ಹಾಡದಿದ್ದರೆ ಏನು ಮಾಡುವುದು? ಮದರ್ ತೆರೇಸಾ ಬರೆದ ಖಾಸಗಿ ಪತ್ರಗಳು 2007ರಲ್ಲಿ ಅಚ್ಚಾದಾಗ ಲೋಕವೇ ಬೆಚ್ಚಿತು. ಕೊಲ್ಕತ್ತದ ಬೀದಿಗಳಲ್ಲಿ ಸೇವೆ ಶುರುಮಾಡಿದಾಗಿನಿಂದ ಹೆಚ್ಚುಕಡಿಮೆ ಕೊನೆಯವರೆಗೂ ದೇವರು ಹತ್ತಿರ ಇದ್ದಾನೆ ಅಂತ ಅವರಿಗೆ ಅನ್ನಿಸಿರಲಿಲ್ಲ. ಒಳಗೆಲ್ಲಾ ಕತ್ತಲೆ, ಖಾಲಿ. ಆದರೂ ದಿನಾ ಬೆಳಗ್ಗೆ ಪೂಜೆಗೆ ಹೋದರು, ದಿನಾ ಮಂಡಿಯೂರಿದರು. ಅನ್ನಿಸುವುದಕ್ಕಾಗಿ ಕಾದಿದ್ದರೆ ಅವರು ಒಂದು ದಿನವೂ ಪ್ರಾರ್ಥನೆ ಮಾಡುವ ಹಾಗಿರಲಿಲ್ಲ. ನಿಮಗೆ ಹಾಡಲು ಆಗದ ಭಾನುವಾರ ಸುಮ್ಮನೆ ಕೂತಿರಿ. ಪಕ್ಕದವರು ಹಾಡಲಿ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದಾಗ ಸ್ವಾಮಿ ನೋಡಿದ್ದು ಹೊತ್ತವರ ನಂಬಿಕೆಯನ್ನು. ಸಭೆ ಅಂತ ಒಂದು ಇರುವುದೇ ಇದಕ್ಕೆ.

ಇನ್ನೊಂದು ವಿಷಯ, ಹೇಳಲೇಬೇಕು. ಆರು ಪುಟದಲ್ಲಿ ಮಗಳು ಏನು ಅಂದಳು ಅಂತ ಒಂದು ಕಡೆಯೂ ಇಲ್ಲ. ಅವಳು ಸಂಡೇ ಸ್ಕೂಲ್ ಮಕ್ಕಳಿಗೆ ಹಾಡು ಕಲಿಸುತ್ತಾಳೆ ಅನ್ನುವ ಒಂದು ಸಾಲು ಮಾತ್ರ ಇದೆ. ಏಳು ವರ್ಷದ ಮಗುವಾಗಿದ್ದಾಗಿನಿಂದ ಪ್ರತಿ ಶುಕ್ರವಾರ ತನ್ನ ಹೆಸರು ಹೇಳಿ ಅಮ್ಮ ಅಳುವುದನ್ನು ಕೇಳುತ್ತಾ ಬೆಳೆದವಳು ಅವಳು. ತನ್ನಿಂದಲೇ ಮನೆಗೆ ಈ ಕಷ್ಟ ಅಂದುಕೊಂಡಿರಬಹುದು. ಪ್ರಸಂಗಿ ಹೇಳಿದ್ದೂ ಅವಳ ಕಿವಿಗೆ ಬಿದ್ದಿರುತ್ತದೆ. ಅವಳು ತನಗಾಗಿ ಏನು ಬೇಡಿಕೊಳ್ಳುತ್ತಾಳೆ ಅಂತ ಒಮ್ಮೆ ಕೇಳಿ. ವಾಸಿಯಾಗಲಿ ಅಂತಲೇ ಇರಬಹುದು, ಬಿ.ಎಡ್. ಓದಬೇಕು ಅಂತಲೂ ಇರಬಹುದು. ಏನೇ ಇರಲಿ, ಮುಂದಿನ ಶುಕ್ರವಾರ ಅದನ್ನೂ ಸೇರಿಸಿಕೊಂಡು ಪ್ರಾರ್ಥಿಸಿ. ಅವಳಲ್ಲಿ ಸರಿಯಾಗಿರುವುದಕ್ಕೆಲ್ಲಾ ಒಂದಿಷ್ಟು ಸ್ತೋತ್ರವೂ ಇರಲಿ, ಅವಳಿಗೆ ಕೇಳಿಸುವ ಹಾಗೆ.

ಸಾಕ್ಷಿಯ ವಿಷಯಕ್ಕೆ ಬಂದರೆ, ಸಿಹಿಸುದ್ದಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಹಿಂಜರಿಯಬೇಡಿ. 88ನೇ ಕೀರ್ತನೆ ಓದಿ. ಕೋರಹೀಯರು ಎಂಬ ಗಾಯಕರ ಮನೆತನದವರು ದೇವಾಲಯದಲ್ಲಿ ಹಾಡುತ್ತಿದ್ದ ಹಾಡು. ಹಗಲೂ ರಾತ್ರಿ ಕೂಗುತ್ತೇನೆ, ಯಾಕೆ ಮುಖ ಮರೆಮಾಡಿದ್ದೀ ಅಂತ ಕೇಳಿ, ಉತ್ತರ ಸಿಗದೆ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಹಾಡುಗಳ ಜೊತೆಗೇ ಇಟ್ಟಿದ್ದಾರೆ, ತೆಗೆದುಹಾಕಲಿಲ್ಲ. ನೀವೂ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು: ಮಗಳಿಗೆ ಫಿಟ್ಸ್ ಇನ್ನೂ ಬರುತ್ತದೆ, ಮಾತ್ರೆ ಕೊಡುತ್ತಿದ್ದೇವೆ, ಪ್ರಾರ್ಥನೆ ಬಿಟ್ಟಿಲ್ಲ, ಕೆಲವು ದಿನ ದೇವರ ಮೇಲೆ ಕೋಪ ಬರುತ್ತದೆ, ಆದರೂ ಬರುತ್ತಿದ್ದೇನೆ. ಆ ಕೂಟದಲ್ಲಿ ಕೂತಿರುವ ಇನ್ನೆಷ್ಟು ತಾಯಂದಿರಿಗೆ ಇಂಥ ಮಾತು ಬೇಕಾಗಿದೆಯೋ. ಆದರೆ ಇದು ಅವಳ ಮೈಯ ವಿಷಯ, ಅವಳಿಗೆ 19 ವರ್ಷ. ಮೊದಲು ಅವಳನ್ನು ಕೇಳಿ. ಅವಳು ಬೇಡಮ್ಮ ಅಂದರೆ ಕಾಯಿಲೆಯ ಮಾತು ಎತ್ತದೆ, ಆ ಕೀರ್ತನೆಯನ್ನು ಗಟ್ಟಿಯಾಗಿ ಓದಿ ಬಂದು ಕೂತುಕೊಳ್ಳಿ.